ಕೊನೆಯ ಪುಟದ ಕೆಳಗಿನ ಸಾಲು

'ತರಬೇತಿ ಉಪಸಂಪಾದಕರು ಬೇಕಾಗಿದ್ದಾರೆ' ಎಂಬ ಪ್ರಕಟಣೆಯನ್ನು ಕನ್ನಡ ಪತ್ರಿಕೆಗಳು ಆಗಾಗ ಹಾಕುತ್ತವೆ. ಪದವಿ ಮುಗಿದಿರಬೇಕು, ಕನ್ನಡ ತಪ್ಪಿಲ್ಲದೆ ಬರೆಯಬೇಕು, ಇಂಗ್ಲಿಷಿನಿಂದ ಅನುವಾದ ಮಾಡಲು ಬರಬೇಕು, ರಾತ್ರಿ ಪಾಳಿಗೆ ಒಪ್ಪಬೇಕು. ಇವುಗಳ ಜೊತೆಗೆ ಸಾಮಾಜಿಕ ಕಾಳಜಿ ಇರಬೇಕು ಎಂಬ ಒಂದು ಸಾಲು. ತಾನು ಯಾತಕ್ಕಾಗಿ ಹೊರಡುತ್ತಿದ್ದೇನೆ ಎಂದು ಪತ್ರಿಕೆ ಎಳೆಯರಿಗೆ ಹೇಳುವುದು ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿಯುತ್ತದೆ. ಉಳಿದದ್ದು ಜುಲೈ 1ರ ಪತ್ರಿಕಾ ದಿನದ ವೇದಿಕೆಯ ಪಾಲು. 1843ರ ಆ ದಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದನ್ನು ನೆನೆದು ಭಾಷಣಗಳಾಗುತ್ತವೆ, ನಾಲ್ಕನೆಯ ಅಂಗದ ಮಾತು ಬರುತ್ತದೆ, ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ಆ ಹುಡುಗರಲ್ಲಿ ಒಬ್ಬನಿಗೆ ನಿಜವಾಗಿಯೂ ಸಂಪಾದಕನಾಗುವ ಆಸೆ ಇದ್ದರೆ ಅವನಿಗೆ ಪತ್ರಿಕೆಯ ಧ್ಯೇಯವನ್ನು ಎಲ್ಲಿ ತೋರಿಸುವುದು? ಬೆಂಗಳೂರಿನ ಕಚೇರಿಯ ಗಾಜಿನ ಕೋಣೆಯಲ್ಲಿ ಅದು ಕಾಣುತ್ತದೆಂಬ ನಂಬಿಕೆ ನನಗಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಅಡ್ಡಾಡಿದರೆ ಕಾಣುತ್ತದೆ. ಇಬ್ಬರು ದೊಡ್ಡ ಪತ್ರಿಕಾಕರ್ತರು ಈ ಮಣ್ಣಿನಲ್ಲಿ ಹುಟ್ಟಿದರು. ಕನ್ನಡದ ಪತ್ರಿಕಾಲಯದ ಒಳಗನ್ನು ಅಂಜದೆ ತೋರಿಸಿದ ಕಾದಂಬರಿ ಇಲ್ಲಿನವರದು.

ಗೋಕಾಕದಲ್ಲಿ ಸುದ್ದಿ ಮೊದಲು ಇಳಿಯುವುದು ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಬೆಳಕು ಹರಿಯುವ ಮುಂಚೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದ ಗಾಡಿಗಳು ಬಂಡಲ್‌ಗಳನ್ನು ಇಳಿಸಿ ಮುಂದಿನ ಊರಿಗೆ ಓಡುತ್ತವೆ. ಏಜೆಂಟರು ಹಗ್ಗ ಬಿಚ್ಚಿ ಎಣಿಸುತ್ತಾರೆ, ಹುಡುಗರು ಕಟ್ಟೆಯ ಮೇಲೆ ಕೂತು ಪುರವಣಿ ಸೇರಿಸುತ್ತಾರೆ. ಕರದಂಟಿನ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಇವರ ಕೆಲಸ ಮುಗಿದಿರುತ್ತದೆ. ಅಲ್ಲೊಬ್ಬ ಕಾಲೇಜು ಹುಡುಗ, ಪೇಪರು ಹಾಕಿಯೇ ಓದಿನ ಖರ್ಚು ನೋಡಿಕೊಳ್ಳುವವನು, ನನ್ನನ್ನು ಕೇಳಿದ: "ಸರ, ಸಂಪಾದಕ ಆಗಬೇಕಂದ್ರ ಏನ್ ಓದಬೇಕ್ರಿ?"

ಅವನ ಕೈಯಲ್ಲಿದ್ದ ಪತ್ರಿಕೆಯನ್ನೇ ಹೊರಳಿಸಿ ಕೊನೆಯ ಪುಟದ ತಳಕ್ಕೆ ಬೆರಳಿಟ್ಟೆ. ಅಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಮುದ್ರಕರು ಯಾರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು, ಸುದ್ದಿಯ ಆಯ್ಕೆಗೆ ಹೊಣೆ ಯಾರು ಎಂಬುದು ಇರುತ್ತದೆ. "ಇದನ್ನ ಯಾರೂ ಓದಂಗಿಲ್ರಿ" ಎಂದ. ನಿಜ, ಯಾರೂ ಓದುವುದಿಲ್ಲ. ಆದರೆ ಇಡೀ ಪತ್ರಿಕೆಯಲ್ಲಿ ಒಬ್ಬ ಮನುಷ್ಯ ತನ್ನ ಹೆಸರು ಕೊಟ್ಟು, ಇದಕ್ಕೆಲ್ಲ ನಾನು ಉತ್ತರ ಹೇಳುತ್ತೇನೆ ಎಂದು ಒಪ್ಪಿಕೊಳ್ಳುವ ಜಾಗ ಅದೊಂದೇ. ಆ ಸಾಲಿಗೆ ಮೂಲವಾದ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯನ್ನು ಬ್ರಿಟಿಷರು 1867ರಲ್ಲಿ ತಂದದ್ದು ಪತ್ರಿಕೆಗಳ ಮೇಲೆ ಕಣ್ಣಿಡಲಿಕ್ಕೆ. ಯಾರನ್ನು ಹಿಡಿಯಬೇಕು ಎಂಬುದು ಸರ್ಕಾರಕ್ಕೆ ಗೊತ್ತಿರಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೂ ಅದು ಉಳಿಯಿತು. 2023ರಲ್ಲಿ ಹೊಸ ಕಾಯ್ದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಾಯಿತು. ಕಾಯ್ದೆಯ ಉದ್ದೇಶ ಏನೇ ಇರಲಿ, ಆ ಸಾಲಿನಿಂದ ಓದುಗನಿಗೆ ಒಂದು ಹಕ್ಕು ದಕ್ಕಿತು. ಸುದ್ದಿ ಸುಳ್ಳಾದರೆ ಯಾರನ್ನು ಕೇಳಬೇಕೆಂದು ಅವನಿಗೂ ಗೊತ್ತಾಯಿತು. ವರ್ಷಕ್ಕೊಮ್ಮೆ, ಮಾರ್ಚ್ ಆರಂಭದಲ್ಲಿ, ಒಡೆತನ ಯಾರದು ಎಂಬ ವಿವರವನ್ನು 'ನಮೂನೆ 4' ಎಂಬ ತಲೆಬರಹದಡಿ ಪತ್ರಿಕೆಗಳು ಪ್ರಕಟಿಸುತ್ತ ಬಂದಿವೆ. ಧ್ಯೇಯ ಏನೆಂದು ತಿಳಿಯಬೇಕಾದ ಎಳೆಯನಿಗೆ ವೇದಿಕೆಯ ಭಾಷಣಕ್ಕಿಂತ ಈ ಎರಡು ಒಣ ಬರಹಗಳು ಹೆಚ್ಚು ಕಲಿಸುತ್ತವೆ. ವಾಟ್ಸ್‌ಆ್ಯಪಿನಲ್ಲಿ ಓಡಾಡುವ 'ಬ್ರೇಕಿಂಗ್'ಗೆ ಇಂಥದೊಂದು ಸಾಲು ಇರುವುದಿಲ್ಲ. ಅದಕ್ಕೂ ಪತ್ರಿಕೆಗೂ ಇರುವ ವ್ಯತ್ಯಾಸ ಬೇರೆಲ್ಲೂ ಇಲ್ಲ.

ಗೋಕಾಕಕ್ಕೆ ಬಂದವರೆಲ್ಲ ಜಲಪಾತಕ್ಕೆ ಹೋಗುತ್ತಾರೆ. ಘಟಪ್ರಭೆ ಅಲ್ಲಿ ಸುಮಾರು 170 ಅಡಿ ಧುಮುಕುತ್ತದೆ. 1885ರಲ್ಲಿ ಹುಟ್ಟಿದ ಬಟ್ಟೆ ಗಿರಣಿ ಆ ನೀರಿನ ಬಲವನ್ನೇ ನಂಬಿ ನಿಂತದ್ದು. ನಾನು ಹೋದದ್ದು ಲೋಳಸೂರ ಸೇತುವೆಯ ಕಡೆಗೆ. 2019ರ ಆಗಸ್ಟ್‌ನಲ್ಲಿ ಈ ಸೇತುವೆ ಮುಳುಗಿತು, ಊರಿನ ತಗ್ಗಿನ ಓಣಿಗಳಿಗೆ ನೀರು ಹೊಕ್ಕಿತು, ಸಾವಿರಾರು ಜನ ಮನೆ ಬಿಟ್ಟು ಹೊರಟರು. ಆಮೇಲಿನ ಮಳೆಗಾಲಗಳಲ್ಲೂ ನದಿ ತನ್ನ ಪಾತ್ರ ಬಿಟ್ಟು ಮೇಲೆ ಬಂದದ್ದುಂಟು. ಮೇಲೆ ಹಿಡಕಲ್‌ನಲ್ಲಿ 51 ಟಿಎಂಸಿ ಹಿಡಿಯುವ ಅಣೆಕಟ್ಟು. ಮಳೆ ಜೋರಾದರೆ ಅಲ್ಲಿಂದ ಇಷ್ಟು ಕ್ಯುಸೆಕ್ ನೀರು ಬಿಡಲಾಗಿದೆ ಎಂಬ ಪ್ರಕಟಣೆ ಹೊರಡುತ್ತದೆ, ಪತ್ರಿಕೆಗಳು ಅಂಕಿಯನ್ನು ಹಾಗೇ ಅಚ್ಚು ಹಾಕುತ್ತವೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆದರೆ ನದಿ ದಂಡೆಯಲ್ಲಿ ಎಮ್ಮೆ ಕಟ್ಟಿಕೊಂಡ ಅಜ್ಜಿಗೆ ಅದರಿಂದ ಏನು ತಿಳಿಯಬೇಕು? ಅಷ್ಟು ಬಿಟ್ಟರೆ ತನ್ನ ಹೊಸ್ತಿಲಿಗೆ ನೀರು ಯಾವಾಗ ಮುಟ್ಟುತ್ತದೆ, ಯಾವ ದಾರಿ ಕಟ್ಟಾಗುತ್ತದೆ, ದನ ಎಲ್ಲಿಗೆ ಹೊಡೆಯಬೇಕು ಎಂಬುದೇ ಅವಳಿಗೆ ಸುದ್ದಿ. ಅಂಕಿಯನ್ನು ಓಣಿಯ ಹೆಸರಿಗೆ ಇಳಿಸುವುದು ಬೆಂಗಳೂರಿನ ಡೆಸ್ಕಿನಿಂದ ಆಗದ ಮಾತು. ಸೇತುವೆಯ ಕಂಬದ ಮೇಲೆ ಹಿಂದಿನ ನೆರೆಯ ಗುರುತು ಎಲ್ಲಿತ್ತೆಂದು ನೋಡಿಟ್ಟುಕೊಂಡ ಸ್ಥಳೀಯ ಬಾತ್ಮಿದಾರನೇ ಅದನ್ನು ಮಾಡಬೇಕು. ಜನಪರ ಕಾಳಜಿ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಅರ್ಥವನ್ನು ಯಾರಾದರೂ ಎಳೆಯರಿಗೆ ಹೇಳಿಕೊಟ್ಟರೆ ನಾನು ಕಲಿಯಲು ಸಿದ್ಧ.

ಈ ತಾಲೂಕಿನ ಮಲಾಮರಡಿಯವರು ಬಸವರಾಜ ಕಟ್ಟೀಮನಿ. 1919ರಲ್ಲಿ ಹುಟ್ಟಿದರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡರು, 'ಸಂಯುಕ್ತ ಕರ್ನಾಟಕ'ವೂ ಸೇರಿ ಹಲವು ಪತ್ರಿಕೆಗಳಲ್ಲಿ ದುಡಿದರು. 1980ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ 'ಜ್ವಾಲಾಮುಖಿಯ ಮೇಲೆ' ಕಾದಂಬರಿ 1951ರಲ್ಲಿ ಬಂತು. ಮುಂದೆ 1968ರಲ್ಲಿ ಅದಕ್ಕೆ ಸೋವಿಯೆತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು. ಅದರ ವಸ್ತು ಪತ್ರಿಕಾಲಯವೇ. ಹೊರಗೆ ಆದರ್ಶದ ಮಾತು, ಒಳಗೆ ದುಡಿಯುವವನ ಹಸಿವು, ಇವೆರಡರ ನಡುವೆ ಸಿಕ್ಕ ಪತ್ರಕರ್ತನ ಪಾಡನ್ನು ಕಟ್ಟೀಮನಿ ಕಣ್ಣಾರೆ ಕಂಡು ಬರೆದರು. ಆ ಹೊತ್ತಿಗೆ ಪತ್ರಕರ್ತನ ಸಂಬಳಕ್ಕಾಗಲಿ, ಕೆಲಸದ ವೇಳೆಗಾಗಲಿ ಕಾನೂನಿನ ಆಸರೆ ಇರಲಿಲ್ಲ. ಮೊದಲ ಪತ್ರಿಕಾ ಆಯೋಗ 1954ರಲ್ಲಿ ವರದಿ ಕೊಟ್ಟ ಮೇಲೆ, 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ವೇತನ ಮಂಡಳಿಗಳು ಆ ಬಳಿಕದವು. ಕಾನೂನಿಗಿಂತ ನಾಲ್ಕು ವರ್ಷ ಮುಂಚೆ ಗೋಕಾಕ ಸೀಮೆಯ ಒಬ್ಬ ಬರಹಗಾರ ಈ ಸಂಗತಿಯನ್ನು ಕನ್ನಡದ ಓದುಗನ ಮುಂದೆ ಇಟ್ಟಿದ್ದರು ಎಂಬುದು ಈ ನೆಲಕ್ಕೆ ಹೆಮ್ಮೆಯ ವಿಷಯ.

ಈ ಪುಸ್ತಕವನ್ನು ಪತ್ರಿಕೋದ್ಯಮ ಕಲಿಯುವ ಪ್ರತಿಯೊಬ್ಬನ ಕೈಗೆ ಮೊದಲ ದಿನವೇ ಕೊಡಬೇಕೆಂಬುದು ನನ್ನ ಹಟ. ಏಕೆಂದರೆ ಅಲ್ಲಿಯ ನೋವು ಹಳತಾಗಿಲ್ಲ. ಇಂದೂ ತಾಲೂಕು ಕೇಂದ್ರದ ಬಾತ್ಮಿದಾರರಲ್ಲಿ ಬಹಳ ಜನರಿಗೆ ನಿಂತ ಸಂಬಳವಿಲ್ಲ. ಬರೆದಷ್ಟಕ್ಕೆ ಗೌರವಧನ, ತಂದ ಜಾಹೀರಾತಿಗೆ ಕಮಿಷನ್. ಎಷ್ಟೋ ಕಡೆ ಏಜೆನ್ಸಿಯೂ ಅವರದೇ. ನಾಯಕರ ಹುಟ್ಟುಹಬ್ಬಕ್ಕೆ, ಕಾರ್ಖಾನೆಯ ಹಂಗಾಮು ಶುರುವಾಗುವ ದಿನಕ್ಕೆ, ದೀಪಾವಳಿಗೆ ಪುಟಗಟ್ಟಲೆ ಶುಭಾಶಯ ತರಬೇಕು. ಬೆಳಿಗ್ಗೆ ಯಾರ ಬಾಗಿಲಲ್ಲಿ ಜಾಹೀರಾತಿಗೆ ನಿಂತನೋ ಸಂಜೆ ಅವರ ಮೇಲೆಯೇ ಸುದ್ದಿ ಬರೆಯಬೇಕಾದವನು ಅವನು. ಸತ್ಯ, ನಿಷ್ಪಕ್ಷಪಾತ ಎಂದು ಅವನಿಗೆ ಉಪದೇಶ ಮಾಡುವ ಹಕ್ಕು, ಈ ಎರಡು ಕೆಲಸಗಳನ್ನು ಬೇರೆ ಮಾಡದ ಸಂಸ್ಥೆಗೆ ಇಲ್ಲ. ಪಿ. ಲಂಕೇಶರು 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ಬೇಡವೆಂದು ಓದುಗನ ಹಣವನ್ನು ನಂಬಿ ನಿಂತರು. ಎಲ್ಲರಿಗೂ ಆ ದಾರಿ ಆಗಲಾರದು. ಆದರೆ ಸುದ್ದಿ ತರುವವನನ್ನು ಜಾಹೀರಾತಿಗೆ ಕಳಿಸದೆ ಇರುವುದು ಯಾವ ಪತ್ರಿಕೆಗೂ ಆಗುವ ಕೆಲಸ.

ಊರೊಳಗೆ ಶೂನ್ಯ ಸಂಪಾದನ ಮಠವಿದೆ. ಅದರ ಮುಂದೆ ಬಹಳ ಹೊತ್ತು ನಿಂತೆ. ಶೂನ್ಯ ಸಂಪಾದನೆ ಎಂಬ ಗ್ರಂಥವನ್ನು ಒಬ್ಬರಲ್ಲ, ನಾಲ್ವರು ಕಟ್ಟಿದರು: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ. ತಮಗಿಂತ ಮುನ್ನೂರು ವರ್ಷ ಹಿಂದಿನ ಶರಣರ ವಚನಗಳನ್ನು ಕೂಡಿಹಾಕಿ, ಅಲ್ಲಮ ಯಾರನ್ನು ಏನು ಕೇಳಿದ, ಅಕ್ಕ ಏನು ಮರುನುಡಿದಳು ಎಂದು ಸಂವಾದವಾಗಿ ಜೋಡಿಸಿದರು. ಹಿಂದಿನವರು ಜೋಡಿಸಿದ್ದು ಸಾಲದೆನಿಸಿದಾಗ ಮುಂದಿನವರು ತಿದ್ದಿದರು. ದನಿ ಶರಣರದು, ಕ್ರಮ ಮಾತ್ರ ಇವರದು. ಜಗಳವಿದ್ದಲ್ಲಿ ಜಗಳವನ್ನು ಇಟ್ಟರು. ಎದುರಾಳಿಯ ಪ್ರಶ್ನೆಯನ್ನು ಮೊಂಡು ಮಾಡದೆ ಕೇಳಿಸಿದರು. ಸಂಪಾದಕನ ಕೆಲಸ ಹೇಗಿರಬೇಕೆಂದು ತಿಳಿಯಲು ನಮ್ಮ ಹುಡುಗರಿಗೆ ಹೊರದೇಶದ ಕೈಪಿಡಿಗಳನ್ನಷ್ಟೇ ಕೊಡುತ್ತೇವೆ; ಐದು ನೂರು ವರ್ಷ ಹಿಂದೆ ಈ ಭಾಷೆಯಲ್ಲೇ ನಾಲ್ಕು ಸಲ ಆದ ಈ ಕೆಲಸವನ್ನು ತೋರಿಸುವುದಿಲ್ಲ.

ಲೋಳಸೂರ ಸೇತುವೆ ದಾಟಿ, ಕಲ್ಲೋಳಿ, ನಾಗನೂರಿನ ಮೇಲೆ ಮೂಡಲಗಿಗೆ ಹೋಗುವ ದಾರಿಯ ಎರಡೂ ಬದಿ ಕಬ್ಬು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾದದ್ದು ಈಚೆಗೆ. ಶಿವಬೋಧರಂಗ ಮಠದ ಊರು, ದನದ ಸಂತೆಗೆ ಹೆಸರಾದ ಊರು. ಹೊಸ ತಾಲೂಕು ಆಯಿತೆಂದರೆ ಪತ್ರಿಕೆಗೆ ಹೊಸ ಕೆಲಸ ಬಂತೆಂದೇ ಅರ್ಥ. ಯಾವ ಕಚೇರಿ ಬಂತು, ಯಾವುದು ಇನ್ನೂ ಗೋಕಾಕದಲ್ಲೇ ಇದೆ, ಒಂದು ಪಹಣಿ ತಿದ್ದುಪಡಿಗೆ ರೈತ ಎಷ್ಟು ಸಲ ಬಸ್ ಹತ್ತಬೇಕು, ಇವೆಲ್ಲ ಯಾರೋ ಕೂತು ಲೆಕ್ಕ ಇಡಬೇಕಾದ ಸಂಗತಿಗಳು. ಸಂತೆಯಲ್ಲಿ ಸಿಕ್ಕ ಹಿರಿಯರೊಬ್ಬರು ಪತ್ರಿಕೆಯ ಬಗ್ಗೆ ಕೇಳಿದ್ದಕ್ಕೆ ನೇರವಾಗಿ ಹೇಳಿದರು: "ನಮ್ಮೂರ ಸುದ್ದಿ ಬರ್ತೈತ್ರಿ, ಇಲ್ಲಂತಿಲ್ಲ. ಯಾರೋ ಬಂದ್ರು, ರಿಬ್ಬನ್ ಕತ್ತರಿಸಿದ್ರು, ಹೋದ್ರು. ಆಮ್ಯಾಲೆ ಆ ಕಟ್ಟಡದಾಗ ಏನ್ ನಡದೈತಿ ಅಂತ ಬರಂಗಿಲ್ಲ." ಇಡೀ ಪ್ರಾದೇಶಿಕ ಪುಟದ ಮೇಲಿನ ವಿಮರ್ಶೆ ಇಷ್ಟರಲ್ಲೇ ಇದೆ.

ಈ ತಾಲೂಕಿನ ಕುಲಗೋಡಕ್ಕೆ ಹೋದರೆ ತಮ್ಮಣ್ಣನ ನೆನಪು. ಅಪರಾಳ ತಮ್ಮಣ್ಣ ರಚಿಸಿದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟವನ್ನು ಆಡುವವರಿಗೆ, ನೋಡುವವರಿಗೆ ಒಗ್ಗುವಂತೆ ತಿದ್ದಿ ಬೆಳೆಸಿ ಬಯಲಿಗೆ ತಂದವನು ಕುಲಗೋಡ ತಮ್ಮಣ್ಣ. ಸತ್ಯಭಾಮೆಯ ಸಿಟ್ಟು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯ ಮಾತಾದದ್ದು ಆ ಕೈಯಿಂದ. ಕೌಜಲಗಿ ನಿಂಗಮ್ಮ ಮುಂದೆ ಆ ಆಟಕ್ಕೆ ಹೆಣ್ಣಿನ ದನಿಯನ್ನೇ ಕೊಟ್ಟಳು. ಪತ್ರಿಕೆಯ ಮಾತಾಡುತ್ತ ಪಾರಿಜಾತಕ್ಕೆ ಹೋದದ್ದೇಕೆಂದರೆ, ಬರೆದದ್ದನ್ನು ಜನರ ಕಿವಿಗೆ ತಾಗುವಂತೆ ಮಾಡುವ ಈ ಕೌಶಲ ನಮ್ಮ ಸುದ್ದಿಮನೆಗಳಲ್ಲಿ ತೀರ ಕಡಿಮೆ. ಇಲಾಖೆಯ ಪ್ರಕಟಣೆಯ ಭಾಷೆಯನ್ನೇ ಸುದ್ದಿಯ ಭಾಷೆ ಎಂದು ಎಳೆಯರಿಗೆ ಕಲಿಸುತ್ತಿದ್ದೇವೆ. 'ಫಲಾನುಭವಿಗಳಿಗೆ ಸವಲತ್ತು ವಿತರಣೆ' ಎಂದು ಬರೆದರೆ ಅದು ಯಾರ ಮನೆಯ ಕಥೆಯೂ ಆಗುವುದಿಲ್ಲ.

ಗೋಕಾಕ ತಾಲೂಕಿನದೇ ಬೆಟಗೇರಿ ಕೃಷ್ಣಶರ್ಮರ ಊರು. 'ಆನಂದಕಂದ' ಎಂಬ ಕಾವ್ಯನಾಮದ ಇವರು 1900ರಲ್ಲಿ ಇಲ್ಲಿ ಹುಟ್ಟಿದರು. ಆಲೂರ ವೆಂಕಟರಾಯರು ಕರ್ನಾಟಕದ ಏಕೀಕರಣಕ್ಕಾಗಿ 1922ರಲ್ಲಿ ಆರಂಭಿಸಿದ 'ಜಯಕರ್ನಾಟಕ'ದಲ್ಲಿ ಕೆಲಸ ಕಲಿತರು. 1938ರಲ್ಲಿ ಧಾರವಾಡದಲ್ಲಿ ತಮ್ಮದೇ ಮಾಸಪತ್ರಿಕೆ 'ಜಯಂತಿ'ಯನ್ನು ಶುರು ಮಾಡಿ ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಯುದ್ಧ ಕಾಲದ ಕಾಗದದ ಅಭಾವದಲ್ಲೂ, ಬೆನ್ನ ಹಿಂದೆ ಬಂಡವಾಳಗಾರರಿಲ್ಲದೆಯೂ, ಪತ್ರಿಕೆ ನಿಲ್ಲಲಿಲ್ಲ. ತಾವೇ ಕವಿ, ಕಥೆಗಾರರಾಗಿದ್ದೂ ಬೇರೆಯವರ ಬರಹವನ್ನು ಓದಿ, ತಿದ್ದಿ, ಅಚ್ಚಿಗೆ ಕಳಿಸುವುದರಲ್ಲಿ ಆಯುಷ್ಯದ ದೊಡ್ಡ ಪಾಲನ್ನು ಕಳೆದರು. ಜೊತೆಗೆ ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಜನಪದ ಹಾಡುಗಳನ್ನು ಕೂಡಿಸಿದರು. ಸಂಪಾದಕ ಎಂದರೆ ಟಿವಿಯ ಮುಂದೆ ಕೂತು ಎಲ್ಲರಿಗಿಂತ ಜೋರಾಗಿ ಮಾತಾಡುವವನು ಎಂದು ತಿಳಿದಿರುವ ಇಂದಿನ ಹುಡುಗರಿಗೆ ಈ ಬಾಳನ್ನು ಹೇಳಬೇಕು. ಎರಡು ದಶಕ ಇನ್ನೊಬ್ಬರ ಮಾತನ್ನು ಮೊದಲು ಕೇಳಿದ ಮನುಷ್ಯ ಇವರು.

ಮರಳಿ ಗೋಕಾಕಕ್ಕೆ ಬಂದು, ಘಟಪ್ರಭಾ ಊರಿನ ಮೇಲೆ ಹುಕ್ಕೇರಿಯ ಹಾದಿ. ನದಿಯ ದಂಡೆಯ ಘೋಡಗೇರಿ ಚಂದ್ರಶೇಖರ ಕಂಬಾರರ ಊರು. ಗೋಕಾಕದಲ್ಲಿ ಓದುವಾಗ ಅವರಿಗೆ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಮೇಷ್ಟ್ರು. ಈ ಸೀಮೆಯ ಮಾತಿಗೆ ಜ್ಞಾನಪೀಠದವರೆಗೆ ಹೋಗುವ ಕಸುವಿದೆ ಎಂದು ಕಂಬಾರರು ತೋರಿಸಿಕೊಟ್ಟ ಮೇಲೂ, ಇಲ್ಲಿಂದ ಹೋಗುವ ಸುದ್ದಿಯಲ್ಲಿ ಇಲ್ಲಿಯ ಮಾತು ಉದ್ಧರಣ ಚಿಹ್ನೆಯ ಒಳಗೂ ಉಳಿಯುವುದಿಲ್ಲ. ಡೆಸ್ಕಿನವರು ರೈತನ ಬಾಯಿಗೆ ಪಠ್ಯಪುಸ್ತಕದ ಕನ್ನಡ ತುರುಕುತ್ತಾರೆ. ಅವನು ಆಡಿದ್ದನ್ನು ಆಡಿದ ಹಾಗೆ ಇಡುವುದೂ ಸತ್ಯದ ಒಂದು ಭಾಗ.

ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಊರಿನ ಗುರುತು. ಎಳೆಯ ಸಂಪಾದಕನನ್ನು ಮಾತ್ರ ನಾನು ಇಲ್ಲಿಯ ವಿದ್ಯುತ್ ಸಹಕಾರಿ ಸಂಘದ ಕಚೇರಿಗೆ ಕರೆದೊಯ್ಯುತ್ತೇನೆ. ರಾಜ್ಯದ ಉಳಿದೆಡೆ ಕರೆಂಟು ಕೊಡುವುದು ಸರ್ಕಾರಿ ಕಂಪನಿಗಳು. ಹುಕ್ಕೇರಿ ತಾಲೂಕಿನಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಬಳಕೆದಾರನೇ ಸದಸ್ಯ, ಸದಸ್ಯನೇ ಮತದಾರ. ಅದರ ಆಡಳಿತ ಮಂಡಳಿಯ ಚುನಾವಣೆ ಬಂದರೆ ವಿಧಾನಸಭೆ ಚುನಾವಣೆಯಷ್ಟೇ ಬಿಸಿ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಇಲ್ಲಿಯ ಜನರ ಬೆಳಕು, ಬೆಲ್ಲ, ಸಾಲ ಎಲ್ಲವೂ ಸಹಕಾರಿ ಸಂಘಗಳ ಲೆಕ್ಕದ ಪುಸ್ತಕದಲ್ಲಿವೆ. ಆದರೆ ವಾರ್ಷಿಕ ಸಭೆಯ ಸುದ್ದಿ ಎಂದರೆ ವೇದಿಕೆಯಲ್ಲಿ ಕೂತವರ ಹೆಸರಿನ ಪಟ್ಟಿ. ಸಂಘದ ಆಢಾವೆ ಪತ್ರಿಕೆಯನ್ನು ಓದಲು ಬರುವ ಒಬ್ಬ ವರದಿಗಾರ ಇದ್ದರೆ, ಕಬ್ಬಿನ ಬಾಕಿ ಎಷ್ಟು, ಯಾವಾಗಿನಿಂದ, ಯಾಕೆ ಎಂದು ಕೇಳಬಲ್ಲ. ತರಬೇತಿಯಲ್ಲಿ ತಲೆಬರಹ ಬರೆಯಲು ಕಲಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ಕಲಿಸಬೇಕು.

ಸಂಕೇಶ್ವರಕ್ಕೆ ಬಂದರೆ ಗಡಿ ಹತ್ತಿರವಾಯಿತು. ಕಿವಿಗೆ ಎರಡು ಭಾಷೆ, ಅಂಗಡಿಯಲ್ಲಿ ಎರಡು ಭಾಷೆಯ ಪತ್ರಿಕೆ. ಅತ್ತ ಕೊಲ್ಹಾಪುರ ದೂರವಿಲ್ಲ. ಅಲ್ಲಿಯ ದೊರೆ ಶಾಹೂ ಮಹಾರಾಜರ ನೆರವಿನಿಂದ ಅಂಬೇಡ್ಕರ್ ಅವರು 1920ರ ಜನವರಿ 31ರಂದು 'ಮೂಕನಾಯಕ'ವನ್ನು ಹೊರತಂದರು. ಆಗ ಇದ್ದ ಪತ್ರಿಕೆಗಳು ಅಸ್ಪೃಶ್ಯರ ಮಾತಿಗೆ ಜಾಗ ಕೊಡುವುದಿಲ್ಲ, ಆದ್ದರಿಂದ ಈ ಪತ್ರಿಕೆ ಎಂದು ಮೊದಲ ಸಂಚಿಕೆಯಲ್ಲೇ ತಿಳಿಸಿದರು. ಧ್ಯೇಯವನ್ನು ಹೇಳುವುದೆಂದರೆ ಇದು. ಯಾರ ಮಾತು ಇದುವರೆಗೆ ಬಂದಿಲ್ಲ, ನಾವು ಬಂದು ಅದನ್ನು ಹೇಗೆ ತರುತ್ತೇವೆ ಎಂಬ ಉತ್ತರ. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆ ಕಂಡ 'ಸಂಯುಕ್ತ ಕರ್ನಾಟಕ'ವೂ ಹಾಗೆ. ಹಂಚಿಹೋದ ನಾಡು ಒಂದಾಗಬೇಕು ಎಂಬುದು ಅದರ ಹೆಸರಿನಲ್ಲೇ ಇತ್ತು; ನಡೆಸುವ ಸಂಸ್ಥೆಗೆ ಲೋಕಶಿಕ್ಷಣ ಟ್ರಸ್ಟ್ ಎಂದು ಹೆಸರು. ಆ ಪತ್ರಿಕೆಗಳಿಗೆ ಸೇರಿದ ಎಳೆಯರು ಯಾತಕ್ಕೆ ಸೇರಿದೆವು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಇಂದಿನ ಎಳೆಯರು ಕೇಳುತ್ತಾರೆ, ಕೇಳುವುದು ಅವರ ಹಕ್ಕು. ಅಪಾಯವೂ ಅವರಿಗೆ ಗೊತ್ತು. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದದ್ದನ್ನು ಅವರೂ ಓದಿದ್ದಾರೆ. ಹಾಗಿದ್ದೂ ಗೋಕಾಕದ ಕಟ್ಟೆಯ ಮೇಲೆ ಪುರವಣಿ ಸೇರಿಸುವ ಹುಡುಗ ಸಂಪಾದಕನಾಗುತ್ತೇನೆ ಎನ್ನುತ್ತಾನೆ. ಆದ್ದರಿಂದ ಪತ್ರಿಕೆ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ 'ಬೇಕಾಗಿದ್ದಾರೆ' ಎಂಬ ಪ್ರಕಟಣೆ ಕೊಡುವಾಗ ಸಾಮಾಜಿಕ ಕಾಳಜಿಯ ಜೊತೆಗೆ ಸಂಬಳ ಎಷ್ಟೆಂದು ಬರೆಯಿರಿ. ಸುದ್ದಿ ಬರೆಯುವವನನ್ನು ಜಾಹೀರಾತಿಗೆ ಕಳಿಸುವುದಿಲ್ಲ ಎಂದು ಬರೆಯಿರಿ. ತಪ್ಪು ಅಚ್ಚಾದರೆ ತಿದ್ದುಪಡಿ ಯಾವ ಪುಟದಲ್ಲಿ, ಎಷ್ಟು ದೊಡ್ಡದಾಗಿ ಹಾಕುತ್ತೀರಿ ಎಂದೂ ಬರೆಯಿರಿ. ತರಬೇತಿಯ ಮೊದಲ ವಾರವನ್ನು ನಗರದ ಕಚೇರಿಯಲ್ಲಿ ಕಳೆಯದೆ ಇಂಥ ಒಂದು ತಾಲೂಕಿಗೆ ಕಳಿಸಿಕೊಡಿ.